ಮುಗಿಯದ ಮಂಗಳಾರತಿ

ನನಗೆ ಸಂಗೀತ ಬರುವುದಿಲ್ಲ. ಮೊದಲ ಸಾಲಿನಲ್ಲೇ ಇದನ್ನು ಬರೆದು ಕೈತೊಳೆದುಕೊಳ್ಳುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ನೈರೋಬಿಯಲ್ಲಿ ನನಗೆ ಗೊತ್ತಿರುವ ಕನ್ನಡಿಗರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವರು ನನ್ನ ಕೈ ಹಿಡಿದುಕೊಂಡು, ಪಕ್ಕದವರ ಕಡೆ ತಿರುಗಿ, "ನೋಡಿ, ತುಂಬಿದ ಕೊಡ ತುಳುಕಲ್ಲ" ಎಂದಿದ್ದಾರೆ. ನಮ್ಮ ಜನರಲ್ಲಿ ಬರುತ್ತದೆ ಎಂದರೆ ಜಂಬ, ಬರುವುದಿಲ್ಲ ಎಂದರೆ ವಿದ್ವತ್ತು. ನಿಜವಾಗಿಯೂ ಬಾರದವನು ಏನು ಹೇಳಬೇಕು ಎಂಬುದಕ್ಕೆ ಹಿರಿಯರು ಯಾವ ಏರ್ಪಾಡನ್ನೂ ಮಾಡಿಟ್ಟಿಲ್ಲ.

ನನ್ನ ಹೆಸರು ದ್ವಾರಕಾನಾಥ್. ವಯಸ್ಸು ಐವತ್ತೆರಡು. ಗಿಗಿರಿಯ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನೀರಿನ ಟ್ಯಾಂಕುಗಳನ್ನು ತರಿಸುವ ಕೆಲಸ. ಟ್ಯಾಂಕು ಬರುವುದು ವರ್ಷಕ್ಕೆ ಎರಡು ಸಲ. ಅದರ ಬಗ್ಗೆ ಮೀಟಿಂಗ್ ದಿನಕ್ಕೆ ಮೂರು ಸಲ. ಸಂಜೆ ಕಾರಿನಲ್ಲಿ ಕುಳಿತರೆ ಹರ್ಲಿಂಗ್‌ಹ್ಯಾಮಿನ ನಮ್ಮ ಫ್ಲಾಟು ಮುಟ್ಟಲು ಒಂದೂವರೆ ಗಂಟೆ. ಹಿಂದೆ ಒಂದು ಮಟಾಟು, ಅಂದರೆ ಇಲ್ಲಿಯ ಖಾಸಗಿ ಮಿನಿಬಸ್ಸು, ಮುಂದೆ ಒಂದು ಮಟಾಟು, ಎರಡರಲ್ಲೂ ಎದೆ ನಡುಗಿಸುವ ಹಾಡು. ಹೀಗಾಗಿ ನನಗೆ ಜೀವನದಲ್ಲಿ ಉಳಿದಿದ್ದ ಆಸೆ ಒಂದೇ, ನಿದ್ದೆ.

ನನ್ನ ಹೆಂಡತಿ ಚಂದ್ರಿಕಾ ಹಾಡುತ್ತಾಳೆ. ಕಚೇರಿ ಮಾಡುವಂಥ ಹಾಡಲ್ಲ. ಅವಳ ಅಜ್ಜಿಯಿಂದ ಬಂದ ಹತ್ತು ಹದಿನೈದು ದೇವರ ಹಾಡುಗಳು. ನಮ್ಮ ಅಡುಗೆಮನೆ ನಡೆಯುವುದೇ ಆ ಹಾಡುಗಳ ಮೇಲೆ. ಇಡ್ಲಿಗೆ ಎರಡು ಹಾಡು. ಉಪ್ಪಿಟ್ಟಿಗೆ ಒಂದು ಪಲ್ಲವಿ, ಎರಡು ಚರಣ. ಅಡುಗೆಮನೆಯ ಗೋಡೆ ಗಡಿಯಾರ ನಿಂತು ನಾಲ್ಕು ವರ್ಷವಾಗಿದೆ, ಸೆಲ್ ಬದಲಿಸಬೇಕು ಎಂದು ಯಾರಿಗೂ ಅನ್ನಿಸಿಲ್ಲ.

ತಿಂಗಳಿಗೊಮ್ಮೆ, ಹುಣ್ಣಿಮೆಗೆ ಹತ್ತಿರದ ಶನಿವಾರ, ಪಂಗಾನಿಯ ಒಂದು ಹಾಲಿನಲ್ಲಿ ನಮ್ಮ ಕನ್ನಡಿಗರ ಕೂಟದ ಸತ್ಯನಾರಾಯಣ ಪೂಜೆ. ಅಲ್ಲಿ ಆರತಿ ಹಾಡು ಚಂದ್ರಿಕಾಳದು. ಒಂಬತ್ತು ವರ್ಷದಿಂದ ಅವಳದೇ. ಪುರೋಹಿತರು ಲಕ್ಷ್ಮೀಕಾಂತ ಭಟ್ಟರು. ವಾರವಿಡೀ ಟೆಲಿಕಾಂ ಕಂಪನಿಯಲ್ಲಿ ಟವರ್ ನೋಡಿಕೊಳ್ಳುತ್ತಾರೆ, ಶನಿವಾರ ಪಂಚೆ ಉಡುತ್ತಾರೆ. ಅವರು ಹಾಕಿಕೊಟ್ಟ ನಿಯಮ ಒಂದೇ: ಹಾಡು ಮುಗಿಯುವವರೆಗೆ ಆರತಿ ತಟ್ಟೆ ಇಳಿಯಬಾರದು. ಈ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಂಡಿರಲಿಲ್ಲ.

ಜೂನ್ ತಿಂಗಳ ಪೂಜೆಯಲ್ಲಿ ಭಾರ್ಗವಿ ಬಾಯಿಬಿಟ್ಟಳು. ಗಂಡನಿಗೆ ಬ್ಯಾಂಕಿನ ಪೋಸ್ಟಿಂಗ್ ಆಗಿ ಬೆಂಗಳೂರಿನಿಂದ ಬಂದು ಆರು ತಿಂಗಳಾಗಿತ್ತು. ಕೆಟ್ಟ ಹುಡುಗಿಯಲ್ಲ. ಎಲ್ಲವೂ ಸರಿಯಾಗಿ ಆಗಬೇಕು ಎನ್ನುವವಳು, ತೊಂದರೆ ಅದೇ.

"ಚಂದ್ರಿಕಾ ಆಂಟಿ ವಾಯ್ಸ್ ತುಂಬಾ ಸ್ವೀಟ್. ಬಟ್ ಟೆಂಪೋನೇ ಇಲ್ಲ ಅಲ್ವಾ? ಒಂದು ಲೈನ್ ಸ್ಲೋ, ಒಂದು ಲೈನ್ ಫಾಸ್ಟ್. ಜೊತೆಗೆ ಹಾಡೋರಿಗೆ ಕಷ್ಟ. ಮುಂದಿನ ತಿಂಗಳಿಂದ ಫೋನಲ್ಲಿ ಟ್ರ್ಯಾಕ್ ಹಾಕ್ಬಿಡೋಣ, ನೀಟಾಗಿರುತ್ತೆ" ಎಂದಳಂತೆ.

ಎಂಟು ತಲೆಗಳು ಹೌದೆಂದು ಅಲ್ಲಾಡಿದವಂತೆ. ಒಂಬತ್ತನೆಯದು ಚಂದ್ರಿಕಾಳದು. "ಹೌದಮ್ಮ, ಹಾಗೇ ಮಾಡಿ" ಎಂದು ಹೇಳಿ ಎಲ್ಲರ ಖಾಲಿ ಲೋಟ ಎತ್ತಿಕೊಂಡು ಹೋದಳಂತೆ. "ಅಂತೆ" ಎಂದೇಕೆ ಬರೆಯುತ್ತಿದ್ದೇನೆಂದರೆ, ಆ ಹೊತ್ತಿಗೆ ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ಎಚ್ಚರವಿದ್ದರೂ ಏನೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು, ಆದರೂ ನಿದ್ದೆ ಹೋಗಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮರುದಿನದಿಂದ ಮನೆಯ ಇಡ್ಲಿ ಗಟ್ಟಿಯಾಯಿತು. ನಾನು ಮೊದಲು ಚಳಿಯನ್ನು ಬೈದೆ. ನೈರೋಬಿಯ ಜೂನ್ ಜುಲೈ ಚಳಿಗೆ ಹಿಟ್ಟು ಹುದುಗು ಬರುವುದಿಲ್ಲ ಎಂಬುದು ಇಲ್ಲಿಯ ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ. ಆಮೇಲೆ ಉಪ್ಪಿಟ್ಟು ಸೀಯಿತು. ಅದಕ್ಕೆ ಚಳಿಯನ್ನು ಬೈಯುವಂತಿರಲಿಲ್ಲ. ಐದನೇ ದಿನ ಕಲ್ಲಿನಂಥ ಇಡ್ಲಿಯನ್ನು ಮುರಿಯುತ್ತಾ ಕುಳಿತಾಗ ನನ್ನ ಮಂದಬುದ್ಧಿಗೆ ಹೊಳೆಯಿತು, ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಚಂದ್ರಿಕಾ ಹಾಡುವುದನ್ನು ನಿಲ್ಲಿಸಿದ್ದಳು. ಕೇಳಿದರೆ, "ಗಂಟಲು ಸರಿಯಿಲ್ಲ" ಎಂದಳು. ಗಂಟಲು ಸರಿಯಾಗಿಯೇ ಇತ್ತು. ನನಗೆ ತುಂಬ ಸಂಕಟವಾಯಿತು, ಮತ್ತು ಎಂದಿನಂತೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಏನೂ ತಿಳಿಯದವನು ಸುಮ್ಮನಿರಬೇಕಾಗಿತ್ತು. ಮುಂದಿನ ಭಾನುವಾರ ನಾನು ಅಂಗಿ ಇಸ್ತ್ರಿ ಮಾಡಲು ಹೊರಟೆ. ನಮ್ಮ ಮಗಳು ಅಮೂಲ್ಯ ಐದನೇ ಕ್ಲಾಸಿನಲ್ಲಿದ್ದಾಗ ಮೂರು ತಿಂಗಳು ಕಲಿತು ಬಿಟ್ಟ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಆರು ವರ್ಷದಿಂದ ನಮ್ಮಲ್ಲಿ ಇಸ್ತ್ರಿ ಬಟ್ಟೆ ಇಡುವ ಹಲಗೆಯಾಗಿ ಸೇವೆ ಸಲ್ಲಿಸುತ್ತಿತ್ತು. ಇಸ್ತ್ರಿಪೆಟ್ಟಿಗೆಯದೆಂದು ನಾನು ಸಿಕ್ಕಿಸಿದ ಪ್ಲಗ್ಗು ಅದರದು. ಬಟ್ಟೆಯ ಗುಡ್ಡೆಯ ಕೆಳಗೆ ಕೆಂಪು ದೀಪ ಹೊತ್ತಿತು. ಬಟ್ಟೆ ಸರಿಸಿ, ದೀಪದ ಪಕ್ಕದ ಗುಂಡಿ ಒತ್ತಿದೆ. ಅದರ ಪಕ್ಕದ್ದನ್ನೂ ಒತ್ತಿದೆ. ಕೊನೆಗೆ ಎಡಗಡೆಯ ಒಂದು ಬಿಳಿ ಕೀಲಿಯ ಮೇಲೆ ಬೆರಳಿಟ್ಟೆ.

ಇಟ್ಟಿದ್ದು ಒಂದೇ ಬೆರಳು. ಎದ್ದಿದ್ದು ಒಂದು ಇಡೀ ವಾದ್ಯಮೇಳ. ಡ್ರಮ್, ಗಿಟಾರ್, ಹಿಂದೆ ಇಪ್ಪತ್ತು ಪಿಟೀಲು. ಗಾಬರಿಯಿಂದ ಪಕ್ಕದ ಕೀಲಿಗೆ ಬೆರಳು ಜಾರಿತು. ಇಡೀ ಮೇಳ ನನ್ನ ಬೆರಳಿನ ಹಿಂದೆಯೇ ಜಾರಿ ಕುಳಿತಿತು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನನ್ನ ಮಾತು ಯಾರೂ ಇಷ್ಟು ಬೇಗ ಕೇಳಿರಲಿಲ್ಲ. ತಲೆಯೆತ್ತಿದಾಗ ತೆರೆದ ಬಾಗಿಲಲ್ಲಿ ಮೂರನೇ ಮಹಡಿಯ ಶ್ರೀನಿವಾಸ್, ನಮ್ಮ ಕೂಟದ ಅಧ್ಯಕ್ಷರು, ಮೊಸರಿಗೆ ಹೆಪ್ಪು ಕೇಳಲು ತಂದ ಬಟ್ಟಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಏನ್ರೀ ದ್ವಾರಕಾನಾಥ್! ಇದು ನೀವಾ?"

ಆಗ ನಾನು "ಅಲ್ಲ ಸ್ವಾಮಿ, ಇದು ಮೆಷೀನು" ಎನ್ನಬೇಕಾಗಿತ್ತು. ಎನ್ನಲಿಲ್ಲ. ಶ್ರೀನಿವಾಸ್ ನನ್ನನ್ನು ಅಷ್ಟು ಗೌರವದಿಂದ ಹಿಂದೆ ಎಂದೂ ನೋಡಿರಲಿಲ್ಲ. "ಏನೋ… ಸುಮ್ನೆ ಹೀಗೇ… ಬಿಡುವಾದಾಗ" ಎಂದೆ. ಮುಂದಿನ ಅನಾಹುತಗಳೆಲ್ಲ ಈ ಮೂರು ತುಂಡು ಮಾತಿನಿಂದ ಹುಟ್ಟಿದವು.

ಸೋಫಾದ ಮೇಲಿದ್ದ ಅಮೂಲ್ಯ, "ಅಪ್ಪಾ, ದಟ್ಸ್ ಜಸ್ಟ್ ದ ಆಟೋ…" ಎಂದು ಶುರು ಮಾಡಿದಳು.

"ಅಮ್ಮು, ಅಂಕಲ್‌ಗೆ ಹೆಪ್ಪು ಕೊಡು, ಹೋಗು" ಎಂದೆ.

ಸಂಜೆಯೊಳಗೆ ಕೂಟದ ವಾಟ್ಸಾಪ್ ಗುಂಪಿನಲ್ಲಿ ಶ್ರೀನಿವಾಸರ ಪ್ರಕಟಣೆ ಬಂತು. "ನಮ್ಮ ನಡುವಿನ ಎಲೆಮರೆಯ ಕಾಯಿ ಶ್ರೀ ದ್ವಾರಕಾನಾಥ್ ಅವರ ಕೀಬೋರ್ಡ್ ವಾದನದೊಂದಿಗೆ ಶ್ರೀಮತಿ ಚಂದ್ರಿಕಾ ಅವರ ಆರತಿ ಹಾಡು." ಕೆಳಗೆ ಮೂವತ್ತೊಂದು ಜನ ಕೈಮುಗಿದಿದ್ದರು. ಅವುಗಳ ಕೆಳಗೆ ಭಾರ್ಗವಿ: "ಸೂಪರ್ ಅಂಕಲ್! ಕೀಬೋರ್ಡ್ ಇದ್ರೆ ಟೆಂಪೋ ಪ್ರಾಬ್ಲಂ ಇರಲ್ಲ, ಆಂಟಿನೇ ಹಾಡ್ಲಿ. ಅಕಸ್ಮಾತ್ ಆಗ್ಲಿಲ್ಲಾಂದ್ರೆ ಟ್ರ್ಯಾಕ್ ರೆಡಿ ಇದೆ."

ನಾನು ಅಡುಗೆಮನೆಗೆ ಹೋದೆ. ಚಂದ್ರಿಕಾ ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟು ಅದನ್ನೇ ಓದುತ್ತಿದ್ದಳು.

"ರೀ, ನಿಮಗೆ ಬರಲ್ಲ" ಎಂದಳು.

"ಬರಲ್ಲ."

"ಮತ್ತೆ?"

"ಹೋಗಿ ಹೇಳ್ಬಿಡ್ತೀನಿ."

ಅವಳು ಅಕ್ಕಿ ತೊಳೆಯಲು ತಿರುಗಿದಳು. ನಾನು ಚಪ್ಪಲಿ ಹುಡುಕುತ್ತಿದ್ದಾಗ ಒಳಗಿನಿಂದ ಆರತಿ ಹಾಡಿನ ಒಂದು ಸಾಲು, ಒಂದೇ ಸಾಲು, ಕೇಳಿಸಿತು. ಮರೆತು ಹಾಡಿದ್ದಿರಬೇಕು, ಅರ್ಧಕ್ಕೆ ನಿಲ್ಲಿಸಿಬಿಟ್ಟಳು. ನಾನು ಒಪ್ಪಿಕೊಂಡರೆ ಆ ಹಾಡು ಭಾರ್ಗವಿಯ ಫೋನಿಗೆ ಹೋಗುತ್ತದೆ. ಆದರೂ ನನ್ನದು ಸತ್ಯವಂತರ ವಂಶ, ಮೂರನೇ ಮಹಡಿಗೆ ಇಳಿದೆ.

"ಶ್ರೀನಿವಾಸ್, ನನಗೆ ನಿಜವಾಗ್ಲೂ ಏನೂ ಬರಲ್ಲ" ಎಂದೆ.

ಶ್ರೀನಿವಾಸ್ ತಮ್ಮ ಹೆಂಡತಿ ಉಷಾರನ್ನು ಕೂಗಿ ಕರೆದರು. "ಉಷಾ, ಕೇಳ್ದ್ಯಾ? ಏನೂ ಬರಲ್ವಂತೆ!"

"ಅಯ್ಯೋ, ದೊಡ್ಡೋರು ಹಾಗೇ ಹೇಳೋದು" ಎಂದರು ಉಷಾ. "ಯಾರ ಹತ್ರ ಕಲಿತ್ರಿ ಸರ್?"

"ಯಾರ ಹತ್ರಾನೂ ಕಲಿತಿಲ್ಲಮ್ಮ."

"ಸ್ವಂತ ಸಾಧನೆ!" ಎಂದು ಶ್ರೀನಿವಾಸ್ ತೊಡೆ ತಟ್ಟಿದರು. ಬರುವಾಗ ನನ್ನ ಕೈಗೆ ಆರು ಹೊಸ ದಪ್ಪ ಸೆಲ್ ಕೊಟ್ಟರು. "ಕೀಬೋರ್ಡಿಗೆ ಹಾಕಿಡಿ. ಇಲ್ಲಿ ಕರೆಂಟ್ ನಂಬೋಹಾಗಿಲ್ಲ. ನಿಮ್ಮಂಥೋರ ವಾದನ ಅರ್ಧಕ್ಕೆ ನಿಂತ್ರೆ ನಮ್ಮ ಮಾನ ಹೋಗುತ್ತೆ."

ಸತ್ಯ ಹೇಳಲು ಹೋದವನು ಸೆಲ್ ಹಿಡಿದುಕೊಂಡು ವಾಪಸು ಬಂದೆ.

ಮರುದಿನ ಸಂಜೆ ಆಫೀಸಿನಿಂದ ಬಂದವನೇ ಅಭ್ಯಾಸಕ್ಕೆ ಕುಳಿತೆ. ಹತ್ತು ನಿಮಿಷಕ್ಕೆ ಬಾಗಿಲ ಬೆಲ್ ಆಯಿತು. ನಮ್ಮ ಗೇಟಿನ ಅಸ್ಕಾರಿ ಕಿಲೋಂಜೊ. ನನ್ನದೇ ವಯಸ್ಸಿನ ಕಾವಲುಗಾರ, ಗಂಭೀರ ಮನುಷ್ಯ. ಟೋಪಿ ತೆಗೆದು ಹಿಡಿದುಕೊಂಡು, "ಬಾಸ್, ಸವಾ? ಎಲ್ಲ ಸರಿಯೇ? ಮನೆಯಲ್ಲಿ ಯಾರಿಗಾದರೂ ತೊಂದರೆಯಾಗಿದೆಯೇ?" ಎಂದು ಕೇಳಿದ. ಕೀಬೋರ್ಡ್ ತೋರಿಸಿದೆ. ಅವನ ಮುಖ ಅರಳಿತು. ತನ್ನ ಚರ್ಚಿನಲ್ಲಿ ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಇದನ್ನು ನುಡಿಸುವವನು ತಾನೇ ಎಂದ.

"ಕಿಲೋಂಜೊ, ನನಗೆ ಬರುವುದಿಲ್ಲ" ಎಂದೆ.

"ಹೌದು ಬಾಸ್. ಬರುವುದಿಲ್ಲ" ಎಂದ.

ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನೈರೋಬಿಯಲ್ಲಿ ನನ್ನ ಮಾತನ್ನು ನಂಬಿದ ಮೊದಲ ಮನುಷ್ಯ ಅವನು.

ಕಿಲೋಂಜೊ ದಿನವೂ ತನ್ನ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಬಂದು ಹೇಳಿಕೊಟ್ಟ. ಒಂದು ಕೀಲಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ಹೊರಡುತ್ತವೆ, ಅದಕ್ಕೆ ಕಾರ್ಡ್ ಎನ್ನುತ್ತಾರೆ. ಪಕ್ಕದ ಕಪ್ಪು ಕೀಲಿಯನ್ನೂ ಸೇರಿಸಿ ಒತ್ತಿದರೆ ಅದೇ ಕಾರ್ಡಿಗೆ ದುಃಖ ಬರುತ್ತದೆ. "ನಿಮಗೆ ದುಃಖ ಬೇಡ ಬಾಸ್. ಸಂತೋಷದ ಮೂರು ಕಾರ್ಡ್ ಸಾಕು. ದೇವರ ಅರ್ಧ ಹಾಡುಗಳು ಈ ಮೂರರಲ್ಲೇ ಮುಗಿಯುತ್ತವೆ" ಎಂದ. ಆ ಮೂರು ಕೀಲಿ ಯಾವುವೆಂದು ನಾನು ಪ್ರತಿದಿನ ಮರೆಯುತ್ತಿದ್ದೆ. ಅದಕ್ಕಾಗಿ ಚಂದ್ರಿಕಾಳ ಸ್ಟಿಕರ್ ಬಿಂದಿ ಮೂರು ತೆಗೆದು ಮೂರರ ಮೇಲೂ ಅಂಟಿಸಿದೆ. ಮೊದಲ ಕೀಲಿ ಒತ್ತಿದೊಡನೆ ಮೇಳ ತಾನಾಗಿಯೇ ಶುರುವಾಗುವಂತೆ ಮಾಡುವುದು ಹೇಗೆಂದು ಅವನು ತೋರಿಸಿದ. ನಿಲ್ಲಿಸಲು ಬಲಗಡೆಯ ದೊಡ್ಡ ಗುಂಡಿ.

"ಟೆಂಪೋ ಎಷ್ಟು ಇಡಬೇಕು?" ಎಂದು ಕೇಳಿದ.

"ನನಗೇನು ಗೊತ್ತು?"

"ಹಾಡುವವರನ್ನು ಕೇಳಿ. ಕೀಬೋರ್ಡ್ ಅಂದರೆ ಹಾಡುವವರ ಆಳು, ಬಾಸ್. ಮಾಮಾ ಹೇಗೆ ನಡೆಯುತ್ತಾರೋ ಹಾಗೆ ಅದು ಹಿಂದೆ ನಡೆಯಬೇಕು." ಮಾಮಾ ಎಂದರೆ ಇಲ್ಲಿ ಮನೆಯ ಯಜಮಾನಿ. ಒಂದು ಗುಂಡಿ ತೋರಿಸಿದ. ಹಾಡು ಕೇಳುತ್ತಾ ಅದನ್ನು ತಾಳಕ್ಕೆ ಸರಿಯಾಗಿ ತಟ್ಟುತ್ತಿದ್ದರೆ ವೇಗ ಎಷ್ಟೆಂದು ಪರದೆಯ ಮೇಲೆ ಬರುತ್ತದಂತೆ.

ಕೀಬೋರ್ಡನ್ನು ಮಗುವಿನಂತೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹಾಡು ಎಂದರೆ ಚಂದ್ರಿಕಾ ಹಾಡಲೊಲ್ಲಳು. "ನನಗೆ ಟೆಂಪೋ ಇಲ್ವಲ್ಲ, ಏನು ಅಳೀತೀರಿ?" ಎಂದಳು. ಆ ಮಾತು ಅಷ್ಟು ದಿನ ಅವಳ ಗಂಟಲಲ್ಲಿ ಕುಳಿತಿತ್ತು.

"ಇದೆಯೋ ಇಲ್ವೋ ಈ ಮೆಷೀನ್ ಹೇಳ್ಲಿ" ಎಂದೆ.

ಒಗ್ಗರಣೆಗೆ ಎಣ್ಣೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಹಾಡಿದಳು. ನಾನು ತಟ್ಟಿದೆ. ಪರದೆಯ ಮೇಲೆ ಐವತ್ತೆಂಟು ಬಂತು. ಎರಡನೇ ಸಾಲಿಗೆ ಐವತ್ತನಾಲ್ಕು. ಸಾಸಿವೆ ಸಿಡಿದಾಗ ಅರವತ್ತೆರಡು. ಕರಿಬೇವು ಹಾಕಿ ಉರಿ ತಗ್ಗಿಸಿದ ಮೇಲೆ ಮತ್ತೆ ಐವತ್ತೆಂಟು.

"ಅಮ್ಮಾ ಈಸ್ ಲೈಕ್ ನೈರೋಬಿ ಟ್ರಾಫಿಕ್" ಎಂದಳು ಅಮೂಲ್ಯ.

"ಸರಾಸರಿ ಐವತ್ತೆಂಟು" ಎಂದು ನಾನು ವರದಿ ಒಪ್ಪಿಸಿದೆ.

"ಐವತ್ತೆಂಟಾ?" ಡಾಕ್ಟರು ರಕ್ತದೊತ್ತಡ ಹೇಳಿದಾಗ ಕೇಳುವಂತೆ ಕೇಳಿದಳು. "ಅದು ಕಮ್ಮಿನಾ?"

"ನಿನ್ನದು ಅಷ್ಟು. ಕಮ್ಮಿ ಜಾಸ್ತಿ ಏನಿಲ್ಲ."

ಅವಳು ನಕ್ಕಳೋ ಇಲ್ಲವೋ ನನಗೆ ಕಾಣಿಸಲಿಲ್ಲ. ಬೆನ್ನು ಈ ಕಡೆಗಿತ್ತು. ಅಂದಿನ ಸಾರು ಮಾತ್ರ ಚೆನ್ನಾಗಿತ್ತು.

ಪೂಜೆಯ ಶನಿವಾರ ಬಂತು. ಪಂಗಾನಿಯ ಹಾಲಿನಲ್ಲಿ ಎಂಬತ್ತು ಜನ. ಒಂಬತ್ತು ವರ್ಷ ಅದೇ ಹಾಲಿನಲ್ಲಿ ಕುರ್ಚಿ ಜೋಡಿಸಿದ್ದೇನೆ, ಒಬ್ಬರೂ ತಿರುಗಿ ನೋಡಿರಲಿಲ್ಲ. ಅವತ್ತು ನಾನು ಒಂದು ಕುರ್ಚಿ ಮುಟ್ಟಿದರೆ ನಾಲ್ಕು ಜನ ಓಡಿಬಂದು, "ಕೈ ಜೋಪಾನ ಸರ್!" ಎಂದು ಕಿತ್ತುಕೊಂಡರು. ದೇವರ ಮಂಟಪದ ಪಕ್ಕ ಮೇಜಿನ ಮೇಲೆ ಕೀಬೋರ್ಡ್ ಇಟ್ಟು ಪ್ಲಗ್ ಸಿಕ್ಕಿಸಿದರು. ಕಿಲೋಂಜೊ ಹೇಳಿದಂತೆ ಟೆಂಪೋ ಗುಂಡಿ ಒತ್ತಿ ಐವತ್ತೆಂಟು ಕೊಡಬೇಕಾಗಿತ್ತು. ನಾನು ಐವತ್ತೆಂಟು ಕೊಟ್ಟೆ. ಟೆಂಪೋ ಗುಂಡಿ ಒತ್ತುವುದನ್ನು ಮರೆತೆ. ಹಾಗೆ ಮರೆತರೆ ಆ ಯಂತ್ರ, ತನ್ನ ಹೊಟ್ಟೆಯಲ್ಲಿರುವ ನೂರಾರು ಬಗೆಯ ಮೇಳಗಳಲ್ಲಿ ಐವತ್ತೆಂಟನೆಯದನ್ನು ಕೇಳುತ್ತಿದ್ದಾನೆ ಎಂದು ತಿಳಿಯುತ್ತದೆ. ಪರದೆಯ ಮೇಲೆ ಐವತ್ತೆಂಟು ಎಂದೇ ಇತ್ತು. ನಾನು ನಿಶ್ಚಿಂತನಾದೆ.

ಅಷ್ಟರಲ್ಲಿ ಉಷಾ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. "ವಾದ್ಯಕ್ಕೆ ಪೂಜೆ ಆಗ್ಬೇಕಲ್ಲ ಸರ್." ಕೀಲಿಗಳ ಮೇಲಿನ ಮೂರು ಬಿಂದಿ ನೋಡಿ ಅವರ ಕಣ್ಣು ತುಂಬಿ ಬಂತು. "ನೋಡ್ರೀ, ದಿನಾ ಪೂಜೆ ಮಾಡ್ತಾರೆ ಅಂತ ಕಾಣುತ್ತೆ. ಮೂರಕ್ಕೇ ಯಾಕೆ, ಎಲ್ಲಾ ತಾಯಿಯ ಸ್ವರೂಪವೇ ಅಲ್ವಾ?" ಎಂದು ಇದ್ದ ಬಿಳಿ ಕೀಲಿಗಳಿಗೆಲ್ಲ ಒಂದೊಂದು ಕುಂಕುಮದ ಬೊಟ್ಟಿಟ್ಟರು. ನನ್ನ ಮೂರು ಬಿಂದಿಗಳು ಆ ಕೆಂಪು ಸಾಲಿನಲ್ಲಿ ಕಳೆದುಹೋದವು. ಕೊನೆಗೆ ತೋಳಿನಷ್ಟು ದಪ್ಪದ ಸೇವಂತಿಗೆ ಹಾರವನ್ನು ಗುಂಡಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಮಲಗಿಸಿ, ಕೈಮುಗಿದು ಹೋದರು. ಪೂಜೆಗೊಂಡ ಹೂವನ್ನು ನಾನಾಗಿ ತೆಗೆಯುವುದುಂಟೇ?

ಸತ್ಯನಾರಾಯಣನ ಕಥೆ ಓದಿ ಮುಗಿಯಿತು. ಲಕ್ಷ್ಮೀಕಾಂತ ಭಟ್ಟರು ಕರ್ಪೂರ ಹಚ್ಚಿ ತಟ್ಟೆ ಎತ್ತಿ, ನನ್ನ ಕಡೆ ತಲೆಯಾಡಿಸಿದರು. ಎಲ್ಲರೂ ಎದ್ದು ನಿಂತರು. ಚಂದ್ರಿಕಾ ಮಂಟಪದ ಪಕ್ಕ ಸೆರಗು ಬಿಗಿದು ನಿಂತಿದ್ದಳು. ನಾನು ದೇವರನ್ನು ನೆನೆದು, ಅಂದಾಜಿನ ಮೇಲೆ ಒಂದು ಕೀಲಿ ಒತ್ತಿದೆ.

ಪಂಗಾನಿಯ ಹಾಲಿನೊಳಗೆ ಮಟಾಟು ನುಗ್ಗಿದಂತಾಯಿತು. ಡ್ರಮ್ಮು ಧಡಧಡ, ತುತ್ತೂರಿ, ಜೊತೆಗೆ ಯಾರೋ ಮರದ ಚೂರು ಕುಟ್ಟುವ ಸದ್ದು. ವೇಗ ನೂರನಲವತ್ತಕ್ಕೆ ಕಡಿಮೆ ಇರಲಿಲ್ಲ. ಹಿಂದಿನ ಸಾಲಿನ ಮಕ್ಕಳು ಕುಣಿಯಲು ಶುರುಮಾಡಿದರು. ಚಂದ್ರಿಕಾ ತೆರೆದ ಬಾಯನ್ನು ಮುಚ್ಚಿ ನನ್ನನ್ನು ನೋಡಿದಳು. ಅವಳ ಹಿಂದೆ ಭಾರ್ಗವಿ ಕೈಚೀಲದಿಂದ ಫೋನ್ ತೆಗೆಯುವುದು ನನಗೆ ಕಾಣಿಸಿತು. ಒಂದೇ ಒಂದು ಕ್ಷಣ. ಆ ಕ್ಷಣದಲ್ಲಿ ನಾನು ಸತ್ತುಹೋಗಿದ್ದರೂ ಆಗುತ್ತಿತ್ತು.

ಚಂದ್ರಿಕಾ ನನ್ನಿಂದ ಮುಖ ತಿರುಗಿಸಿ, ದೇವರನ್ನು ನೋಡಿ, ಹಾಡಲು ಆರಂಭಿಸಿದಳು. ಅದೇ ಐವತ್ತೆಂಟರಲ್ಲಿ. ಯಂತ್ರ ಓಡುತ್ತಿತ್ತು, ಅವಳು ನಡೆಯುತ್ತಿದ್ದಳು.

"ಫ್ಯೂಷನ್!" ಎಂದು ಶ್ರೀನಿವಾಸ್ ಪಕ್ಕದವರಿಗೆ ವಿವರಿಸಿದರು. ಪಕ್ಕದವರು ಅವರ ಪಕ್ಕದವರಿಗೆ ದಾಟಿಸಿದರು. ಭಾರ್ಗವಿಯ ಕೈ ಚೀಲದ ಬಾಯಲ್ಲೇ ನಿಂತಿತು.

ಐದು ನುಡಿಯ ಹಾಡು ಮುಗಿಯಿತು. ನಾನು ಕೀಲಿಯಿಂದ ಕೈಯೆತ್ತಿದೆ. ಮೇಳ ನಿಲ್ಲಲಿಲ್ಲ. ಕೈಯೆತ್ತಿದರೂ ಅದು ನಿಲ್ಲುವುದಿಲ್ಲ, ದೊಡ್ಡ ಗುಂಡಿ ಒತ್ತಬೇಕು ಎಂದು ಕಿಲೋಂಜೊ ನೂರು ಸಲ ಹೇಳಿದ್ದ. ದೊಡ್ಡ ಗುಂಡಿ ಹಾರದ ಕೆಳಗೆಲ್ಲೋ ಇತ್ತು. ಕೈ ಬಿಟ್ಟರೂ ವಾದ್ಯ ನುಡಿಯುವುದನ್ನು ಜನ ನೋಡಿಬಿಟ್ಟಾರು ಎಂದು ಹೆದರಿ ಕೈಯನ್ನು ಮತ್ತೆ ಕೀಲಿಯ ಮೇಲೆ ಇಟ್ಟೆ. ಭಟ್ಟರು ತಟ್ಟೆ ಇಳಿಸಲು ಹೊರಟವರು ವಾದ್ಯ ಕೇಳಿ ಮತ್ತೆ ಮೇಲೆತ್ತಿದರು. ಆರತಿ ನಡೆಯುತ್ತಿದೆಯಲ್ಲ ಎಂದು ಚಂದ್ರಿಕಾ ಮೊದಲ ನುಡಿಯಿಂದ ಮತ್ತೆ ಹಿಡಿದಳು.

ಹೀಗೆ ವಾದ್ಯ ನಿಲ್ಲಲಿ ಎಂದು ಆರತಿ ಕಾಯುತ್ತಿತ್ತು, ಆರತಿ ನಿಲ್ಲಲಿ ಎಂದು ನಾನು ಕಾಯುತ್ತಿದ್ದೆ, ನಾವಿಬ್ಬರೂ ನಿಲ್ಲಲಿ ಎಂದು ಸಜ್ಜಿಗೆಯ ವಾಸನೆ ಹಿಡಿದು ಎಂಬತ್ತು ಜನ ಕಾಯುತ್ತಿದ್ದರು. ನಿಲ್ಲಿಸಿ ಎಂದು ಬಾಯಿಬಿಟ್ಟು ಹೇಳುವ ಅಪಶಕುನದ ಕೆಲಸ ಯಾರಿಗೂ ಬೇಡವಾಗಿತ್ತು.

ಹಾರದ ಕೆಳಗೆ ಕಿರುಬೆರಳು ತೂರಿಸಿ ಒಂದು ಗುಂಡಿ ಒತ್ತಿದೆ. ಡ್ರಮ್ಮು ಗುಡುಗುಡಿಸಿ ಹೊಸ ಹುರುಪಿನಿಂದ ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ಒತ್ತಿದೆ. ತುತ್ತೂರಿ ಎರಡಾಯಿತು. "ಕಣ್ಣಲ್ಲಿ ನೋಡ್ದೇನೇ ಒತ್ತುತ್ತಾರೆ ನೋಡಿ" ಎಂದರು ಯಾರೋ.

ಭಟ್ಟರ ಬಲಭುಜಕ್ಕೆ ಮೊದಲೇ ನೋವು. ತಟ್ಟೆ ನಡುಗತೊಡಗಿತು. ಶ್ರೀನಿವಾಸ್ ಮುಂದೆ ಬಂದು ತಟ್ಟೆ ತೆಗೆದುಕೊಂಡರು. ಉಷಾ ಕರ್ಪೂರ ಹಾಕಿದರು. ಶ್ರೀನಿವಾಸರ ಕೈ ಸೋತ ಮೇಲೆ ಭಾರ್ಗವಿಯ ಗಂಡ ಬಂದ. ಉಷಾ ಮತ್ತೆ ಕರ್ಪೂರ ಹಾಕಿದರು. ಡಬ್ಬಿಯ ತಳ ಕಾಣುತ್ತಿತ್ತು. ಚಂದ್ರಿಕಾ ಮೂರನೇ ಸುತ್ತಿನಲ್ಲಿದ್ದಳು.

ನನಗೆ ಉಳಿದಿದ್ದ ದಾರಿ ಒಂದೇ. ಒಂಬತ್ತು ವರ್ಷ ನೈರೋಬಿಯ ಕರೆಂಟನ್ನು ಬೈದ ಬಾಯಿಂದಲೇ, ಸತ್ಯನಾರಾಯಣ ಸ್ವಾಮೀ, ಇದೊಂದು ಸಲ ಕರೆಂಟ್ ತೆಗೆದುಬಿಡಪ್ಪಾ ಎಂದು ಬೇಡಿಕೊಂಡೆ.

ಸ್ವಾಮಿ ದೊಡ್ಡವನು. ಕರೆಂಟ್ ಹೋಯಿತು. ಟ್ಯೂಬ್‌ಲೈಟ್ ಆರಿತು, ಫ್ಯಾನ್ ನಿಂತಿತು, ಮೈಕು ಸತ್ತಿತು. ಕೀಬೋರ್ಡ್ ನಿಲ್ಲಲಿಲ್ಲ. ಶ್ರೀನಿವಾಸರು ಕೊಟ್ಟ ಆರು ಸೆಲ್‌ಗಳು ಒಳಗೆ ಬೆಚ್ಚಗೆ ಕೆಲಸ ಮಾಡುತ್ತಿದ್ದವು.

"ನಾನು ಹೇಳಿರ್ಲಿಲ್ವಾ!" ಎಂದು ಸಂಜೆಗತ್ತಲಲ್ಲಿ ಶ್ರೀನಿವಾಸರ ಹೆಮ್ಮೆಯ ದನಿ ಕೇಳಿಸಿತು.

ಆರತಿಯ ಬೆಳಕು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಆ ಬೆಳಕಿನಲ್ಲಿ ಚಂದ್ರಿಕಾ ನನ್ನ ಮುಖವನ್ನು ನೋಡಿದಳು. ಇಪ್ಪತ್ತಮೂರು ವರ್ಷ ನೋಡಿದ ಮುಖ, ವಿವರಿಸುವ ಅಗತ್ಯವಿರಲಿಲ್ಲ. ಅವಳು ಕೈಯೆತ್ತಿ ತಟ್ಟತೊಡಗಿದಳು. ನಿಧಾನವಾಗಿ, ಅಡುಗೆಮನೆಯ ತಾಳದಲ್ಲಿ. ಮಂಗಳದ ಕೊನೆಯ ನುಡಿಯನ್ನು ಹಿಡಿದಳು. ಮೊದಲು ಉಷಾ ಅವಳ ಜೊತೆ ಚಪ್ಪಾಳೆ ಹಾಕಿದರು, ಆಮೇಲೆ ಮುಂದಿನ ಸಾಲಿನ ಹೆಂಗಸರು, ಆಮೇಲೆ ಗಂಡಸರು. ಭಾರ್ಗವಿಯೂ ತಟ್ಟುತ್ತಿದ್ದಳು. ಎಂಬತ್ತು ಜನರ ಚಪ್ಪಾಳೆಯ ಕೆಳಗೆ ನನ್ನ ವಾದ್ಯಮೇಳ ಪಕ್ಕದ ಬೀದಿಯ ಗಲಾಟೆಯಂತೆ ಸಣ್ಣದಾಯಿತು. ಒಂದು ಸಾಲು ನಿಧಾನವಾಯಿತು, ಇನ್ನೊಂದು ಸ್ವಲ್ಪ ಬೇಗವಾಯಿತು, ಎಲ್ಲರೂ ಅವಳ ಹಿಂದೆಯೇ ಹೋದರು. ಯಾರಿಗೂ ಕಷ್ಟವಾದಂತೆ ಕಾಣಲಿಲ್ಲ.

ಹಾಡುತ್ತಲೇ ಅವಳು ನನ್ನ ಮೇಜಿನ ಹತ್ತಿರ ಬಂದಳು. ಕೊನೆಯ ಅಕ್ಷರವನ್ನು ಎಳೆಯುತ್ತಾ, ಎರಡೂ ಕೈಯಿಂದ ಕೀಬೋರ್ಡಿನ ಮೇಲಿನ ಹಾರವನ್ನು ಎತ್ತಿ ನನ್ನ ಕೊರಳಿಗೆ ಹಾಕಿದಳು. ಹಾರ ಸರಿಪಡಿಸುವವಳಂತೆ ಬಗ್ಗಿ, ಬಲಗೈ ಕೆಳಗಿಳಿಸಿ, ದೊಡ್ಡ ಗುಂಡಿ ಒತ್ತಿದಳು. ಮೂರು ವಾರ ಕಿಲೋಂಜೊ ಹೇಳಿಕೊಟ್ಟ ಪಾಠ ಅಡುಗೆಮನೆಗೆ ಕೇಳಿಸುತ್ತಿತ್ತು ಎಂಬುದು ನನಗೆ ಆಗ ನೆನಪಾಯಿತು.

ವಾದ್ಯವೂ ಹಾಡೂ ಒಟ್ಟಿಗೆ ನಿಂತವು. ತಟ್ಟೆ ಇಳಿಯಿತು. ಭಟ್ಟರು "ಅಬ್ಬಾ" ಎಂದದ್ದು ಮಂತ್ರದಲ್ಲಿ ಸೇರಿಹೋಯಿತು. ಜನ ಎರಡು ನಿಮಿಷ ಚಪ್ಪಾಳೆ ತಟ್ಟಿದರು. ಹೆಂಡತಿಯೇ ಗಂಡನಿಗೆ ಸಭೆಯಲ್ಲಿ ಸನ್ಮಾನ ಮಾಡಿದ್ದನ್ನು ನೋಡಿ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಅವಳು ನನ್ನ ಕಿವಿಯ ಹತ್ತಿರ, "ಬರದೇ ಇದ್ರೂ ಬಂದು ಕೂತ್ರಲ್ಲ" ಎಂದಳು. ನನಗೆ ಅಷ್ಟು ಸನ್ಮಾನ ಸಾಕಾಗಿತ್ತು.

ಭಾರ್ಗವಿ ಸಜ್ಜಿಗೆಯ ದೊನ್ನೆ ಹಿಡಿದು ಬಂದಳು. "ಆಂಟಿ, ಸಾರಿ. ನಾನು ಹೋದ ತಿಂಗಳು… ಬಿಡಿ. ಮುಂದಿನ ತಿಂಗಳು ನೀವೇ ಹಾಡಿ. ಟ್ರ್ಯಾಕ್ ಬೇಡ." ನನ್ನ ಕಡೆ ನೋಡಿ, "ಅಂಕಲ್, ಕೀಬೋರ್ಡೂ ಬೇಡ ಅನ್ಸುತ್ತೆ" ಎಂದಳು. ಆ ಹುಡುಗಿಗೆ ನಿಜವಾಗಿಯೂ ಸಂಗೀತದ ಕಿವಿಯಿದೆ.

ಗೇಟಿನಲ್ಲಿ ಕಿಲೋಂಜೊ ಕಾಯುತ್ತಿದ್ದ. "ಹೇಗಾಯಿತು ಬಾಸ್?"

"ಬರಲಿಲ್ಲ" ಎಂದೆ.

"ಪೋಲೆ ಸಾನ" ಎಂದು ಅವನು ಪಾಪವೆನ್ನುವಂತೆ ತಲೆಯಾಡಿಸಿ, ನನ್ನ ಕೊರಳಿನ ಹಾರ ನೋಡಿ ಏನೂ ಕೇಳದೆ ಗೇಟು ತೆರೆದ.

ಮರುದಿನ ಭಾನುವಾರ ಬೆಳಿಗ್ಗೆ ಬೆಲ್ ಆಯಿತು. ಶ್ರೀನಿವಾಸ್. ಹೆಪ್ಪಿನ ಬಟ್ಟಲಿರಲಿಲ್ಲ, ಡೈರಿ ಇತ್ತು. ಯಾರದೋ ಗೃಹಪ್ರವೇಶ, ಯಾರದೋ ಷಷ್ಟಿಪೂರ್ತಿ, ಎಲ್ಲರಿಗೂ ನನ್ನ ಫ್ಯೂಷನ್ ಬೇಕಂತೆ. ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಅಡುಗೆಮನೆಯ ಕಡೆ ನೋಡಿದೆ.

"ಅವರಿಗೆ ಬರಲ್ಲ ಕಣ್ರೀ" ಎಂದು ಚಂದ್ರಿಕಾ ಒಳಗಿನಿಂದ ಕೂಗಿ ಹೇಳಿದಳು.

"ಆಹಾ!" ಎಂದರು ಶ್ರೀನಿವಾಸ್. "ಮನೆಯವರಿಗೂ ಎಂಥ ವಿನಯ!"

ಅವರನ್ನು ಕುಳ್ಳಿರಿಸಿದೆ. ತಿಂಡಿ ತಿಂದೇ ಹೋಗಬೇಕೆಂದೆ. ಒಲೆಯ ಮೇಲೆ ಇಡ್ಲಿ ಪಾತ್ರೆ ಆಗಲೇ ಹಬೆಯಾಡುತ್ತಿತ್ತು. ಎಷ್ಟು ಹೊತ್ತಾಗುತ್ತದೆ ಎಂದು ಅವರು ಬಾಗಿಲಿಂದ ಕಾಣುವ ಅಡುಗೆಮನೆಯ ಗೋಡೆ ಗಡಿಯಾರ ನೋಡಿದರು. ನಾನು ಅವರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ ಕಿವಿಗೊಟ್ಟೆ. ಒಳಗೆ ಮೊದಲನೇ ಹಾಡು ಮುಗಿದು ಎರಡನೆಯದು ಶುರುವಾಗಿತ್ತು.

"ಇನ್ನು ನಾಲ್ಕು ನುಡಿ" ಎಂದೆ.